ಡ್ರಮ್ ಕೋರ್‌ಗೆ ಎಂಥ ಸಂಗೀತ ಹೊಂದುತ್ತೆ?

ಅಮೆರಿಕದ ಡ್ರಮ್ ಕೋರ್‌ನಲ್ಲಿ ಪಿಟೀಲು, ಕೊಳಲು ಇರಲ್ಲ. ಟ್ರಂಪೆಟ್, ಟ್ಯೂಬಾದಂಥ ಹಿತ್ತಾಳೆ ವಾದ್ಯಗಳು, ಡ್ರಮ್ಮುಗಳು, ಜೊತೆಗೆ ಬಾವುಟ ಬೀಸಿ ಕುಣಿಯುವವರು. ಫುಟ್‌ಬಾಲ್ ಮೈದಾನದ ತುಂಬ ಓಡಾಡುತ್ತಲೇ ಸುಮಾರು 12 ನಿಮಿಷ ನುಡಿಸಬೇಕು.

ಹಾಗಾಗಿ ಕೇಳೋಕೆ ಇಂಪಾಗಿದ್ದರೆ ಸಾಲದು. ಸ್ವರ ಮೆಲ್ಲಗೆ ಹುಟ್ಟಿ ಗ್ಯಾಲರಿ ನಡುಗುವಷ್ಟು ಏರಬೇಕು. ಲಯ ಬದಲಾಗುತ್ತಿರಬೇಕು, ಒಂದೇ ನಡೆಯಾದರೆ ಡ್ರಮ್ಮಿನವರಿಗೆ ಬೇಜಾರು, ನೋಡುವವರಿಗೆ ಇನ್ನೂ ಬೇಜಾರು!

ನನ್ನ ಕೇಳಿದರೆ, ಬ್ಯಾಲೆ ಸಂಗೀತಕ್ಕೆ ಮೊದಲ ಮಣೆ. ಚಲನೆಗೆಂದೇ ಬರೆದದ್ದಲ್ವಾ? 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ತಂಡ ಖಚತುರಿಯನ್ ಅವರ ‘ಸ್ಪಾರ್ಟಕಸ್’ ಬ್ಯಾಲೆಯ ಸಂಗೀತ ಎತ್ತಿಕೊಂಡಿತು. ರೋಮ್‌ನ ಗುಲಾಮರ ದಂಗೆಯ ಕಥೆ. ಹಿತ್ತಾಳೆಯ ಅಬ್ಬರಕ್ಕೂ ಜಾಗ, ಪ್ರೇಮದ ಇಂಪಿಗೂ ಜಾಗ. ಆ ವರ್ಷ ಡ್ರಮ್ ಕೋರ್ ಇಂಟರ್‌ನ್ಯಾಷನಲ್ (ಡಿಸಿಐ) ವಿಶ್ವ ಚಾಂಪಿಯನ್ ಪಟ್ಟ ಅವರದ್ದೇ, ಬರೀ 0.025 ಅಂಕದ ಅಂತರದಲ್ಲಿ.