ಕಂಕುಳಿನಿಂದ ಹೆಬ್ಬೆರಳಿಗೆ

ಬೆರಳ ತುದಿಗಳನ್ನು ಹೊರಗೆ ಬಿಟ್ಟು ಅಂಗೈ ಮತ್ತು ಮಣಿಕಟ್ಟನ್ನು ಮಾತ್ರ ಬೆಚ್ಚಗಿಡುವ ಉಣ್ಣೆಯ ಕೈಗವಸನ್ನು ಒಮ್ಮೆ ಹೊರಳಿಸಿ ನೋಡಬೇಕು. ಮಣಿಕಟ್ಟಿನಿಂದ ಹೊರಟ ಸಣ್ಣ ಗೆರೆಯೊಂದು ಹೆಬ್ಬೆರಳಿನ ಬುಡಕ್ಕೆ ಬರುವಷ್ಟರಲ್ಲಿ ಕವಲೊಡೆಯುತ್ತದೆ. ಆ ಕವಲಿನ ನಡುವೆ ಹೆಣಿಗೆ ಅಗಲವಾಗುತ್ತ ಹೋಗಿ ತ್ರಿಕೋನವಾಗುತ್ತದೆ, ಹೆಬ್ಬೆರಳು ಅದರ ನೆತ್ತಿಯಿಂದ ಸಲೀಸಾಗಿ ಹೊರಬರುತ್ತದೆ. ಬ್ರಿಟನ್ನಿನ ಮೀನುಗಾರರು ತೊಡುತ್ತಿದ್ದ ‘ಗ್ಯಾನ್ಸಿ’ ಎಂಬ ಸ್ವೆಟರಿನ ಕಂಕುಳಲ್ಲೂ ಇದೇ ಗೆರೆ, ಇದೇ ಕವಲು, ಇದೇ ತ್ರಿಕೋನವಿದೆ. ಅಲ್ಲಿ ಅದು ಹುಟ್ಟಿದ್ದು ಬಲೆ ಎಳೆಯುವ ತೋಳಿಗೆ ಜಾಗ ಮಾಡಿಕೊಡಲು.

ಗ್ಯಾನ್ಸಿ ಕ್ರಮದಲ್ಲಿ ಹೆಣೆದ ಈ ಕೈಗವಸು ಹಳೆಯ ಬಂದರಿನಿಂದ ನೇರವಾಗಿ ಇಳಿದು ಬಂದದ್ದಲ್ಲ. ಮಣಿಕಟ್ಟಿಗೆ ತೊಡುವ ಉಣ್ಣೆಯ ಗವಸುಗಳು ಬ್ರಿಟನ್ನಿನಲ್ಲಿ ಹಿಂದಿನಿಂದಲೂ ಇದ್ದವು. 1904ರಲ್ಲಿ ಬಂದ ಬಿಯಾಟ್ರಿಕ್ಸ್ ಪಾಟರ್ ಅವರ ಬೆಂಜಮಿನ್ ಬನ್ನಿಯ ಮಕ್ಕಳ ಕತೆಯಲ್ಲಿ ವಿಧವೆ ಮೊಲವೊಂದು ಅಂಥವನ್ನು ಹೆಣೆದು ಹೊಟ್ಟೆ ಹೊರೆಯುತ್ತದೆ. ಮೀನುಗಾರರ ಸ್ವೆಟರಿನ ತಂತ್ರವನ್ನು ಇಡಿಯಾಗಿ ಕೈಗವಸಿಗೆ ಇಳಿಸಿಕೊಂಡವರು ನಮ್ಮ ಕಾಲದ ಹೆಣಿಗೆಗಾರರು. ಹೊಸ ವಸ್ತುವೇ ಆದರೂ ಅದರ ಪ್ರತಿಯೊಂದು ಸಂದಿನಲ್ಲೂ ಕರಾವಳಿಯ ಹೆಂಗಸರ ಹಳೆಯ ಲೆಕ್ಕಾಚಾರ ಉಳಿದಿದೆ.

ಲೆಕ್ಕಾಚಾರದ ಮೊದಲ ಪಾಠ ನಡೆದದ್ದು ಇಂಗ್ಲಿಷ್ ಕಾಲುವೆಯಲ್ಲಿ, ಫ್ರಾನ್ಸಿನ ದಡಕ್ಕೆ ಹತ್ತಿರವಿರುವ ಗರ್ನ್ಸಿ ದ್ವೀಪದಲ್ಲಿ. 16ನೇ ಶತಮಾನದಲ್ಲೇ ಅಲ್ಲಿನವರು ಇಂಗ್ಲೆಂಡಿನ ಉಣ್ಣೆ ತರಿಸಿ ಕಾಲುಚೀಲ ಹೆಣೆದು ಮಾರುತ್ತಿದ್ದರು. ಸ್ಕಾಟರ ರಾಣಿ ಮೇರಿ 1587ರಲ್ಲಿ ವಧಾಸ್ಥಾನಕ್ಕೆ ನಡೆದಾಗ ಗರ್ನ್ಸಿಯ ಬಿಳಿ ಕಾಲುಚೀಲ ತೊಟ್ಟಿದ್ದಳೆಂದು ದ್ವೀಪದವರು ಇಂದಿಗೂ ಹೇಳುತ್ತಾರೆ. ಕಾಲುಚೀಲ ಎಂದರೆ ಹೊಲಿಗೆಯಿಲ್ಲದ ಕೊಳವೆ. ಅದನ್ನು ಹೆಣೆಯಬಲ್ಲ ಕೈಗೆ ಮೈಗೊಂದು ದೊಡ್ಡ ಕೊಳವೆ, ತೋಳಿಗೆ ಎರಡು ಸಣ್ಣ ಕೊಳವೆ ಹೆಣೆಯುವುದು ಅಸಾಧ್ಯವೇನಲ್ಲ. ದ್ವೀಪದ ಹೆಸರನ್ನೇ ಹೊತ್ತ ಈ ಅಂಗಿ 19ನೇ ಶತಮಾನದಲ್ಲಿ ಬ್ರಿಟನ್ನಿನ ಕರಾವಳಿಯುದ್ದಕ್ಕೂ ಮನೆಮನೆಯಲ್ಲಿ ಹೆಣೆಯುವಂಥದಾಯಿತು: ಕಾರ್ನ್‌ವಾಲಿನ ಪೋಲ್ಪೆರೊ, ನಾರ್ಫೋಕಿನ ಶೆರಿಂಗ್‌ಹ್ಯಾಮ್, ಯಾರ್ಕ್‌ಶೈರಿನ ಫೈಲಿ, ವ್ಹಿಟ್ಬಿ, ಸ್ಕಾಟ್ಲೆಂಡಿನ ಮೊರೆ ಕೊಲ್ಲಿ, ಹೆಬ್ರಿಡೀಸಿನ ಪುಟ್ಟ ಎರಿಸ್ಕೆ ದ್ವೀಪ. ಲೂಯಿಸ್ ಹಾರ್ಡಿಂಗ್ ಎಂಬ ಛಾಯಾಗ್ರಾಹಕ ಆ ಶತಮಾನದ ಮಧ್ಯಭಾಗದಲ್ಲಿ ಪೋಲ್ಪೆರೊದ ಮೀನುಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಚಿತ್ರ ತೆಗೆದ. ಎದೆಯ ಮೇಲಿನ ಉಬ್ಬು ಹೆಣಿಗೆಯನ್ನು ಆ ಚಿತ್ರಗಳಲ್ಲಿ ಈಗಲೂ ಗುರುತಿಸಬಹುದು.

ಐದು ಎಳೆ ಬಿಗಿಯಾಗಿ ಹುರಿಗೊಳಿಸಿದ ಗಟ್ಟಿ ನೂಲು, ಎರಡೂ ತುದಿ ಚೂಪಾದ ಉದ್ದನೆಯ ಉಕ್ಕಿನ ಕಡ್ಡಿಗಳು. ಅಂಗುಲಕ್ಕೆ ಎಂಟರ ಆಸುಪಾಸು ಕುಣಿಕೆ ಕೂರುವಷ್ಟು ಬಿಗಿಯಾಗಿ ಹೆಣೆದರೆ ಗಾಳಿ ನುಗ್ಗುವುದಿಲ್ಲ, ತುಂತುರು ಬಿದ್ದರೆ ಸುಲಭಕ್ಕೆ ಒಳಗಿಳಿಯುವುದಿಲ್ಲ. ನಲವತ್ತು ಅಂಗುಲದ ಎದೆಗೆ ಒಂದು ಸುತ್ತಿಗೆ 320 ಕುಣಿಕೆ. ಅಷ್ಟು ಭಾರ ಕೈಗೆ ಬೀಳದಿರಲೆಂದು ಹೆಂಗಸರು ಸೊಂಟದ ಪಟ್ಟಿಗೆ ಮರದ ಗೂಟವೊಂದನ್ನು ಸಿಕ್ಕಿಸಿ, ಬಲಗಡೆಯ ಕಡ್ಡಿಯ ಬುಡವನ್ನು ಅದರ ತೂತಿನಲ್ಲಿ ಊರುತ್ತಿದ್ದರು. ಹೀಗೆ ಬಲಗೈಗೆ ಕಡ್ಡಿ ಹಿಡಿಯುವ ಕೆಲಸ ತಪ್ಪಿ ನೂಲು ಹಾಯಿಸುವುದಷ್ಟೇ ಉಳಿಯುತ್ತಿತ್ತು. ನಡೆಯುತ್ತಲೂ ಹೆಣೆಯಬಹುದಾಗಿತ್ತು. ಯಾರ್ಕ್‌ಶೈರಿನ ಹಾಸ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂಥ ಗೂಟಗಳ ಸಂಗ್ರಹವೇ ಇದೆ. ಕೆತ್ತನೆ ಮಾಡಿ ಪ್ರೀತಿಯ ಹುಡುಗಿಗೆ ಕೊಡುವ ರೂಢಿಯೂ ಆ ಸೀಮೆಯಲ್ಲಿತ್ತು.

ಇನ್ನು ಕಂಕುಳು. ದೋಣಿಯಲ್ಲಿ ನಿಂತವನು ದಿನವಿಡೀ ತೋಳೆತ್ತಿ ಹಗ್ಗ ಸೆಳೆಯುತ್ತಾನೆ. ಮೈಯ ಕೊಳವೆಗೆ ತೋಳಿನ ಕೊಳವೆಯನ್ನು ನೇರವಾಗಿ ಕೂರಿಸಿದರೆ ಪ್ರತಿ ಸಲ ಕೈ ಎತ್ತಿದಾಗಲೂ ಅಂಗಿಯ ಅಂಚು ಸೊಂಟದಿಂದ ಮೇಲಕ್ಕೆ ಜಗ್ಗುತ್ತದೆ, ಬೆನ್ನಿಗೆ ಚಳಿ ಹೊಡೆಯುತ್ತದೆ. ಹೆಣೆಯುವವಳು ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ: ಅಂಗಿಯ ಎರಡು ಪಕ್ಕಗಳಲ್ಲೂ ಉಲ್ಟಾ ಕುಣಿಕೆಯ ಒಂದು ಗೆರೆ ಬಿಟ್ಟುಕೊಂಡು ಬರುವುದು. ಕಂಕುಳಿಗೆ ಕೆಲವು ಅಂಗುಲ ಬಾಕಿ ಇರುವಾಗ ಆ ಗೆರೆಯನ್ನು ಸೀಳಿ ನಡುವೆ ಒಂದೊಂದೇ ಕುಣಿಕೆ ಹೆಚ್ಚಿಸುತ್ತ ತ್ರಿಕೋನ ಕಟ್ಟುವುದು. ಕಂಕುಳು ಮುಟ್ಟಿದ ಮೇಲೆ ಆ ಕುಣಿಕೆಗಳನ್ನು ಒಂದು ದಾರಕ್ಕೆ ಪೋಣಿಸಿ ಬದಿಗಿಟ್ಟು ಎದೆ, ಬೆನ್ನು, ಭುಜ ಮುಗಿಸುವುದು. ತೋಳು ಹೆಣೆಯಲು ಕೂತಾಗ ಅವನ್ನು ಮತ್ತೆ ಕಡ್ಡಿಗೆ ಏರಿಸಿ, ಈ ಬಾರಿ ಒಂದೊಂದೇ ಕಡಿಮೆ ಮಾಡುತ್ತ ತ್ರಿಕೋನವನ್ನು ತೋಳಿನೊಳಗೆ ಕರಗಿಸುವುದು. ಹೀಗೆ ಮೈಯ ಅರ್ಧ, ತೋಳಿನ ಅರ್ಧ ಸೇರಿ ವಜ್ರಾಕಾರದ ಒಂದು ತುಂಡು ಸಿದ್ಧ. ನಮ್ಮ ಹಳೆಯ ಜುಬ್ಬಾಗಳ ಕಂಕುಳಲ್ಲಿ ದರ್ಜಿ ಇಡುತ್ತಿದ್ದ ಚೌಕದ ಬಟ್ಟೆ ಮಾಡುವ ಕೆಲಸವೂ ಇದೇ. ಆದರೆ ಇಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ.

ಹೆಬ್ಬೆರಳು ಅಂಗೈಯಿಂದ ಓರೆಯಾಗಿ ಕವಲೊಡೆಯುವುದು ತೋಳು ಮೈಯಿಂದ ಕವಲೊಡೆದ ಹಾಗೆಯೇ. ಆದ್ದರಿಂದ ಈ ತಂತ್ರ ಕೈಗವಸಿಗೆ ಇಳಿಯುವಾಗ ಒಂದಿಷ್ಟೂ ತಿರುಚಬೇಕಾಗಲಿಲ್ಲ. ಪಕ್ಕದ ಗೆರೆ, ಸೀಳಿದ ಕವಲು, ದಾರದಲ್ಲಿ ಕಾಯುವ ಕುಣಿಕೆಗಳು ಎಲ್ಲ ಇದ್ದಂತೆಯೇ ಇವೆ. ಅಳತೆ ಮಾತ್ರ ಕುಗ್ಗಿದೆ.

ತೋಳಿನ ವಿಷಯದಲ್ಲಿ ಇನ್ನೂ ಜಾಣತನವಿದೆ. ಅಂಗಿಯ ಮೈಯನ್ನು ಕೆಳಗಿನಿಂದ ಮೇಲಕ್ಕೆ ಹೆಣೆದರೆ ತೋಳನ್ನು ಭುಜದಿಂದ ಮಣಿಕಟ್ಟಿನ ಕಡೆಗೆ ಹೆಣೆಯುತ್ತಿದ್ದರು. ಹೆಣಿಗೆ ಮುಗಿದ ತುದಿಯಿಂದ ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ, ಶುರುವಾದ ತುದಿಯಿಂದ ಹಾಗೆ ಬಿಚ್ಚಲಾಗದು. ಸವೆಯುವುದು ಮೊದಲು ಮುಂಗೈ ಪಟ್ಟಿ, ಆಮೇಲೆ ಮೊಣಕೈ. ಅವೆರಡೂ ಹೆಣಿಗೆಯ ಕೊನೆಯ ಕಡೆ ಇದ್ದರೆ ಹಾಳಾದಷ್ಟನ್ನು ಬಿಚ್ಚಿ, ಗಟ್ಟಿ ಉಳಿದ ಕುಣಿಕೆ ಹಿಡಿದು, ಹೊಸ ನೂಲಿನಿಂದ ಮುಂದುವರಿಸಬಹುದು. ಅಂಗಿಯ ಕೆಳ ಅಂಚು ಶುರುವಿನ ತುದಿಯಾದ್ದರಿಂದ ಅಲ್ಲಿಗೆ ಬೇರೆ ರಕ್ಷಣೆ: ನೂಲನ್ನು ಜೋಡಿ ಮಾಡಿಯೋ, ಗಂಟುಗಂಟಾಗಿಯೋ ಮೊದಲ ಸಾಲು ಕಟ್ಟುವ ಪದ್ಧತಿ. ಗ್ಯಾನ್ಸಿಯ ತೋಳು ಮಣಿಕಟ್ಟಿಗಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು; ಉಪ್ಪುನೀರು ಕುಡಿದ ಒದ್ದೆ ಉಣ್ಣೆ ದಿನವಿಡೀ ಮಣಿಕಟ್ಟಿಗೆ ತಿಕ್ಕಿದರೆ ಹುಣ್ಣಾಗುತ್ತದೆ. ಇದನ್ನೆಲ್ಲ ಯೋಚಿಸಿದವರು ದೋಣಿ ಹತ್ತಿದವರಲ್ಲ, ಹಿಂತಿರುಗಿ ಬಂದವರ ಮೈ ಕೈ ನೋಡಿದವರು.

ಅವರಲ್ಲಿ ಬಹಳ ಮಂದಿ ಸಮುದ್ರವನ್ನೇ ನಂಬಿ ದುಡಿದವರು ಕೂಡ. ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು, ಹಿಂಡುಹಿಂಡಾಗಿ ಸಾಗುವಂಥದ್ದು. ಬೇಸಿಗೆಯ ಆರಂಭದಲ್ಲಿ ಶೆಟ್ಲೆಂಡಿನ ಬಳಿ ಕಾಣಿಸಿಕೊಂಡರೆ ಶರತ್ಕಾಲಕ್ಕೆ ಇಂಗ್ಲೆಂಡಿನ ಯಾರ್ಮತ್, ಲೋಸ್ಟಾಫ್ಟ್ ಬಂದರುಗಳ ಹತ್ತಿರ. ದೋಣಿಗಳು ಮೀನಿನ ಹಿಂದೆ, ಸ್ಕಾಟ್ಲೆಂಡಿನ ಹುಡುಗಿಯರು ದೋಣಿಗಳ ಹಿಂದೆ, ಒಂದು ಪೆಟ್ಟಿಗೆಯಲ್ಲಿ ಬಟ್ಟೆಬರೆ ತುಂಬಿಕೊಂಡು ರೈಲು ಹತ್ತಿ. ಮೂವರದೊಂದು ತಂಡ: ಇಬ್ಬರು ಮೀನು ಸೀಳಿ ಕರುಳು ತೆಗೆಯುವವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಯಲ್ಲಿ ಜೋಡಿಸುವವಳು. ಚೂರಿ ಚಿಕ್ಕದು, ಮಹಾ ಹರಿತ. ಗಾಯಕ್ಕೆ ಉಪ್ಪು ಇಳಿದರೆ ಜೀವ ಹಿಂಡಿದಂತೆ. ಹಾಗಾಗಿ ಬೆಳಗೆದ್ದು ಪ್ರತಿ ಬೆರಳಿಗೂ ಹಳೆಯ ಬಟ್ಟೆಯ ಪಟ್ಟಿ ಸುತ್ತಿ ದಾರ ಬಿಗಿದು ಕೆಲಸಕ್ಕೆ ನಿಲ್ಲುತ್ತಿದ್ದರು. ಪೂರಾ ಕೈಗವಸು ತೊಟ್ಟರೆ ಚೂರಿ ಹಿಡಿತಕ್ಕೆ ಸಿಗುವುದಿಲ್ಲ, ಬರಿಗೈಯಾದರೆ ಬೆರಳು ಉಳಿಯುವುದಿಲ್ಲ. ದೋಣಿ ಬರುವುದು ತಡವಾದರೆ ಅದೇ ಬೆರಳುಗಳಲ್ಲಿ ಹೆಣಿಗೆ ಕಡ್ಡಿ. ಬಂದರಿನ ದಾರಿಯಲ್ಲಿ ತೋಳಿಗೆ ತೋಳು ತಾಗಿಸಿ ನಡೆಯುತ್ತ ಹೆಣೆಯುವ ಹುಡುಗಿಯರ ಚಿತ್ರಗಳು ಬೇಕಾದಷ್ಟಿವೆ.

ವಿನ್ಯಾಸಗಳು ಊರಿಂದೂರಿಗೆ ಹರಡಿದ್ದು ಹೀಗೆಯೇ. ಹಗ್ಗದ ಹಾಗೆ ಹೊಸೆದುಕೊಂಡ ಎಳೆ, ಏಣಿ, ಲಂಗರು, ಆಲಿಕಲ್ಲು, ಮೀನಿನ ಮುಳ್ಳು, ಮದುವೆಯ ಏಳುಬೀಳು ಎಂದು ಕರೆಯುವ ಅಂಕುಡೊಂಕು ಗೆರೆ: ಎಲ್ಲವೂ ಸೀದಾ ಮತ್ತು ಉಲ್ಟಾ ಎಂಬ ಎರಡೇ ಕುಣಿಕೆಗಳಿಂದ, ಅಲ್ಲಲ್ಲಿ ಕುಣಿಕೆಗಳ ಜಾಗ ಅದಲುಬದಲು ಮಾಡಿ ಹುಟ್ಟಿದವು. ಯಾರ್ಮತ್ತಿನಲ್ಲಿ ಪಕ್ಕದವಳ ಕೈಯಲ್ಲಿ ಕಂಡದ್ದನ್ನು ಮೊರೆ ಕೊಲ್ಲಿಯವಳು ಊರಿಗೆ ಒಯ್ದಳು. ಕಾಗದದ ಮೇಲೆ ಬರೆದಿಡುವ ಅಭ್ಯಾಸವಿರಲಿಲ್ಲ. ಕಣ್ಣು ನೋಡಿದ್ದನ್ನು ಕೈ ನೆನಪಿಟ್ಟುಕೊಳ್ಳುತ್ತಿತ್ತು.

ಹೀಗಿರುವಾಗ, ಪ್ರತಿ ಊರಿಗೂ ತನ್ನದೇ ಆದ ಒಂದು ವಿನ್ಯಾಸವಿತ್ತು, ಮುಳುಗಿ ಸತ್ತವನ ಶವ ದಡಕ್ಕೆ ಬಂದರೆ ಸ್ವೆಟರ್ ನೋಡಿ ಊರು ಹೇಳುತ್ತಿದ್ದರು ಎಂಬ ಕತೆ ಎಷ್ಟು ನಿಲ್ಲುತ್ತದೆ? ಅದು ಜನಪ್ರಿಯವಾಗಲು ಜೆ.ಎಂ. ಸಿಂಗ್ ಅವರ ‘ರೈಡರ್ಸ್ ಟು ದ ಸೀ’ ನಾಟಕದ ಪಾತ್ರ ದೊಡ್ಡದು. 1904ರಲ್ಲಿ ಡಬ್ಲಿನ್ನಿನಲ್ಲಿ ರಂಗಕ್ಕೆ ಬಂದ ಈ ನಾಟಕ ಐರ್ಲೆಂಡಿನ ಅರಾನ್ ದ್ವೀಪಗಳದ್ದು. ಅಲ್ಲಿ ತಂಗಿ ಸತ್ತ ಅಣ್ಣನನ್ನು ಗುರುತಿಸುವುದು ತಾನೇ ಹೆಣೆದ ಕಾಲುಚೀಲದಲ್ಲಿ ಬಿಟ್ಟುಹೋದ ಕುಣಿಕೆಗಳ ಲೆಕ್ಕದಿಂದ. ಅದು ಊರಿನ ಗುರುತಲ್ಲ, ಒಬ್ಬಳ ಕೈಯ ಗುರುತು, ಸ್ವೆಟರೂ ಅಲ್ಲ. ಮುಂದೆ ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ನಡೆಸುತ್ತಿದ್ದ ಹೈಂಜ್ ಕೀವೆಯಂಥವರು ಅರಾನ್ ಹೆಣಿಗೆಗೆ ಪ್ರಾಚೀನ ಧಾರ್ಮಿಕ ಅರ್ಥಗಳನ್ನು ಕಟ್ಟಿದರು. ದಂತಕತೆಗೆ ಇನ್ನಷ್ಟು ಬಲ ಬಂತು. ಗ್ಯಾನ್ಸಿಯ ಕೆಳ ಅಂಚಿನ ಮೇಲೆ ತೊಡುವವನ ಹೆಸರಿನ ಮೊದಲಕ್ಷರಗಳನ್ನು ಉಲ್ಟಾ ಕುಣಿಕೆಯಲ್ಲಿ ಮೂಡಿಸುತ್ತಿದ್ದುದು ಮಾತ್ರ ನಿಜ. ಸಾವಿನ ಕತೆ ಮನಸ್ಸು ಹಿಡಿಯುತ್ತದೆ, ಸರಿ. ಆದರೆ ಅದು ಬದುಕಿದ್ದವರಿಗಾಗಿ ಹೆಂಗಸರು ಮಾಡಿದ ಅಷ್ಟೂ ಯೋಚನೆಯನ್ನು ಮರೆಗೆ ತಳ್ಳಿಬಿಡುತ್ತದೆ; ಕಂಕುಳಿನ ವಜ್ರಕ್ಕೆ, ಬಿಚ್ಚಿ ಹೆಣೆಯಬಹುದಾದ ತೋಳಿಗೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಸಂದಿಲ್ಲ.

ಬಣ್ಣಕ್ಕೂ ಒಂದು ಕತೆಯಿದೆ, ಅದು ನಮ್ಮ ದೇಶಕ್ಕೆ ಸೇರಿದ್ದು. ಗ್ಯಾನ್ಸಿ ಎಂದರೆ ಕಡುನೀಲಿ. 1897ರಲ್ಲಿ ಜರ್ಮನಿಯಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬರುವವರೆಗೆ ಬ್ರಿಟನ್ನಿಗೆ ಬೇಕಾದ ನೀಲಿ ಬಹುಪಾಲು ಬಂಗಾಳ, ಬಿಹಾರದ ಹೊಲಗಳಿಂದ ಹೋಗುತ್ತಿತ್ತು. 1859ರಲ್ಲಿ ಬಂಗಾಳದ ರೈತರು ಬಂಡೆದ್ದದ್ದೂ 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದೂ ಆ ನೀಲಿಯ ಕಾರಣಕ್ಕೇ.

ಹೆರಿಂಗ್ ವ್ಯಾಪಾರ ತುತ್ತತುದಿ ಮುಟ್ಟಿದ್ದು 1913ರಲ್ಲಿ. ಮರುವರ್ಷ ಯುದ್ಧ, ಉಪ್ಪು ಹಾಕಿದ ಮೀನನ್ನು ಕೊಳ್ಳುತ್ತಿದ್ದ ಜರ್ಮನಿ, ರಷ್ಯಾದ ಮಾರುಕಟ್ಟೆ ಮತ್ತೆ ಮೊದಲಿನಂತಾಗಲಿಲ್ಲ. 1977ರ ಹೊತ್ತಿಗೆ ಉತ್ತರ ಸಮುದ್ರದಲ್ಲಿ ಹೆರಿಂಗ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಯಂತ್ರದ ಸ್ವೆಟರುಗಳು ಅಷ್ಟರಲ್ಲಿ ಬಂದರಿಗೂ ಬಂದಿದ್ದವು. ಗ್ಲಾಡಿಸ್ ಥಾಂಪ್ಸನ್ ಎಂಬವರು ಮೀನುಗಾರರ ಹಳ್ಳಿಗಳನ್ನು ಸುತ್ತಿ ವಿನ್ಯಾಸಗಳನ್ನು ಕಲೆಹಾಕಿ 1955ರಲ್ಲಿ ಪುಸ್ತಕ ಮಾಡಿದರು. ಮೇರಿ ರೈಟ್ 1979ರಲ್ಲಿ ಕಾರ್ನ್‌ವಾಲಿನ ಹೆಣಿಗೆಯನ್ನು ದಾಖಲಿಸಿದರು. ಇವರು ಹೊರಡದೇ ಇದ್ದಿದ್ದರೆ ಎಷ್ಟೋ ಹೆಣಿಗೆಗಳು ಅಜ್ಜಿಯರ ಜೊತೆಗೇ ಹೋಗುತ್ತಿದ್ದವು. 1993ರಲ್ಲಿ ಅಮೆರಿಕದ ಬೆತ್ ಬ್ರೌನ್-ರೈನ್ಸೆಲ್ ಬರೆದ ಪುಸ್ತಕ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಓದುಗರಿಂದ ಮೊದಲು ಬೊಂಬೆಯಳತೆಯ ಒಂದು ಪುಟ್ಟ ಗ್ಯಾನ್ಸಿ ಹೆಣೆಸಿ, ಅಂಚು, ಕಂಕುಳು, ಭುಜ, ತೋಳು ಎಲ್ಲವನ್ನೂ ಅದರಲ್ಲೇ ಕಲಿಸಿತು.

ಬೊಂಬೆಯ ಅಂಗಿ ಕಲಿಕೆಗೆ ಒದಗುತ್ತದೆ, ತೊಡಲು ಒದಗುವುದಿಲ್ಲ. ಕೈಗವಸು ಎರಡಕ್ಕೂ ಒದಗುತ್ತದೆ. ಎಂಟು ಅಂಗುಲ ಸುತ್ತಳತೆಯ ಕೈಗೆ 64 ಕುಣಿಕೆ ಸಾಕು, ದೊಡ್ಡ ಅಂಗಿಯ ಐದರಲ್ಲೊಂದು ಪಾಲು. ಮಣಿಕಟ್ಟಿನಲ್ಲಿ ಗಂಟಿನ ಅಂಚು ಕಟ್ಟಿ ಶುರುಮಾಡಿ ಬೆರಳುಗಳ ಕಡೆಗೆ ಹೆಣೆದರೆ ಬೇಗ ಸವೆಯುವ ಬೆರಳಂಚು ಕೊನೆಗೆ ಬರುತ್ತದೆ. ತೋಳಿನ ಹಾಗೆಯೇ ಬಿಚ್ಚಿ ಮತ್ತೆ ಹೆಣೆಯಬಹುದು. ಅಂಚಿನ ಮೇಲೆ ಎರಡಕ್ಷರಕ್ಕೆ ಜಾಗವಿದೆ. ಮುಂಗೈ ಮೇಲೆ ಒಂದು ಹಗ್ಗ, ಅದರ ಎರಡೂ ಬದಿಗೆ ಏಣಿ ಅಥವಾ ಆಲಿಕಲ್ಲು ಆರಾಮವಾಗಿ ಕೂರುತ್ತದೆ. ಮೆತ್ತನೆಯ ನೂಲನ್ನು ಇದಕ್ಕೆ ಬಳಸಬಾರದು. ಉಬ್ಬು ಕಾಣಬೇಕಾದರೆ ಬಿಗಿ ಹುರಿಯ ಐದೆಳೆಯ ನೂಲೇ ಆಗಬೇಕು.

ಅಂಗೈ ಕಡೆ ಏನು ಹೆಣೆಯಬೇಕು ಎಂಬುದರಲ್ಲಿ ಎರಡು ಮತಗಳಿವೆ. ಹಿಡಿತ ನುಣುಪಾಗಿರಲೆಂದು ಕೆಲವರು ಅಂಗೈಯನ್ನು ಖಾಲಿ ಬಿಡುತ್ತಾರೆ. ಇನ್ನು ಕೆಲವರು ಎರಡೂ ಕಡೆ ಒಂದೇ ವಿನ್ಯಾಸ ಹಾಕುತ್ತಾರೆ, ಗ್ಯಾನ್ಸಿಯ ಎದೆಗೂ ಬೆನ್ನಿಗೂ ಇದ್ದ ಹಾಗೆ. ಮೀನುಗಾರರು ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಮೊಣಕೈಯ ಸವೆತವನ್ನು ಹಂಚಿಕೊಳ್ಳಲು ಸಾಧ್ಯವಾದದ್ದು ಅದರಿಂದಲೇ. ಈ ಎರಡನೆಯ ದಾರಿಯೇ ಮೂಲಕ್ಕೆ ಹೆಚ್ಚು ನಿಷ್ಠವಾದದ್ದು. ಹೆಬ್ಬೆರಳಿನ ತ್ರಿಕೋನ ಪಕ್ಕದ ಗೆರೆಯ ಮೇಲೆಯೇ ಕೂತಿರುವುದರಿಂದ ಇಂಥ ಕೈಗವಸಿಗೆ ಎಡ ಬಲವೆಂಬುದಿಲ್ಲ. ಬಲಗೈಯಲ್ಲಿದ್ದದ್ದು ಸವೆಯತೊಡಗಿದರೆ ಎಡಗೈಗೆ ಹಾಕಿಕೊಂಡು ಇನ್ನೊಂದು ಚಳಿಗಾಲ ಕಳೆಯಬಹುದು.