ಕತ್ತಿ, ಉಳಿಗಳ ಅಲಗಿಗೆ ಎಂಥ ಉಕ್ಕು ಬೇಕು?

ಬಾಳೆಲೆಯಂತಹ ಕಾಫಿ ಪ್ರದೇಶದಲ್ಲಿ ಮರ ಕಪಾತಿನ ಕತ್ತಿ, ಕೊಡಲಿ ಇಲ್ಲದ ಮನೆ ಅಪರೂಪ. ಹಲಸು, ತೇಗದ ಮರಗೆಲಸಕ್ಕೆ ಬಾಚಿ, ಉಳಿ, ಕೀಸುಳಿಗಳೂ ಹಲವರಲ್ಲಿ ಉಂಟು. ಸೆಪ್ಟೆಂಬರಿನ ಕೈಲ್ ಮುಹೂರ್ತದಂದು ಆಯುಧಗಳನ್ನು ಪೂಜಿಸುವ ಕೊಡಗಿನವರಿಗೆ ಇವುಗಳ ಮಹತ್ವವನ್ನು ಹೇಳಬೇಕಾಗಿಲ್ಲ. ಆದರೆ ಕೊಳ್ಳುವಾಗ ಬೆಲೆ, ಹೊಳಪುಗಳನ್ನು ನೋಡುವಷ್ಟು ಉಕ್ಕನ್ನು ನೋಡುವವರು ಕಡಿಮೆ. ಮರದ ಮೇಲೆ ನಿಂತವನ ಕೈಯಲ್ಲಿ ಮೊಂಡು ಕತ್ತಿ ಜಾರಿದರೆ ಪ್ರಾಣಕ್ಕೇ ಅಪಾಯ.

ಇಂಗಾಲದ ಪಾತ್ರ

ಕಬ್ಬಿಣಕ್ಕೆ ಅಲ್ಪ ಪ್ರಮಾಣದ ಇಂಗಾಲ ಸೇರಿದಾಗ ಉಕ್ಕಾಗುತ್ತದೆ. ಇಂಗಾಲ ಶೇಕಡ 0.25ಕ್ಕಿಂತ ಕಡಿಮೆಯಿದ್ದರೆ ಅದು ಮೆದು ಉಕ್ಕು. ಕಿಟಕಿಯ ಸರಳಿಗೆ ಇದು ಸಾಕು. ಅಲಗಿಗೆ ಬಳಸಿದರೆ ಬಾಯಿ ಮಡಚಿಕೊಳ್ಳುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇಕಡ 0.5ರಿಂದ 0.6 ಇಂಗಾಲವಿದ್ದು, ಅದು ಗಡಸುತನದೊಡನೆ ಪೆಟ್ಟು ತಡೆಯುವ ಗುಣವನ್ನೂ ಹೊಂದಿರುವುದರಿಂದ ಕತ್ತಿ, ಕೊಡಲಿಗಳಿಗೆ ತಕ್ಕದ್ದು. ಆದರೆ ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಉಳಿ, ಕೀಸುಳಿಗಳಿಗೆ ಶೇಕಡ 0.7ರಿಂದ 1.0 ಇಂಗಾಲದ ಉಕ್ಕು ಒಳ್ಳೆಯದು. ಅರದಲ್ಲಿ ಇಂಗಾಲ ಇನ್ನೂ ಹೆಚ್ಚು. ಹಳೆಯ ಅರದಿಂದ ಕೊಡಲಿ ಮಾಡಿಸಿದರೆ ಪೆಟ್ಟಿಗೆ ಚಕ್ಕೆ ಹಾರುವ ಸಂಭವವುಂಟು.

ಹದವೇ ಮುಖ್ಯ

ಉಕ್ಕು ಉತ್ತಮವಾಗಿದ್ದರೂ ಹದ ತಪ್ಪಿದರೆ ವ್ಯರ್ಥ. ಕುಲುಮೆಯಲ್ಲಿ ಅಲಗನ್ನು ಕೆಂಪಗೆ ಕಾಯಿಸಬೇಕು. ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾದಾಗ ಅದ್ದಬೇಕು. ಸ್ಪ್ರಿಂಗ್ ಪಟ್ಟಿಯನ್ನು ನೀರಿನಲ್ಲಿ ಅದ್ದಿದರೆ ಬಿರುಕು ಬಿಡಬಹುದಾದ್ದರಿಂದ ಎಣ್ಣೆಯೇ ಲೇಸು. ಹೀಗೆ ಗಡಸಾದ ಅಲಗು ಗಾಜಿನಂತೆ ಒಡೆಯಬಲ್ಲದು. ಆದುದರಿಂದ ಅದನ್ನು ಉಜ್ಜಿ ಹೊಳಪು ಬರಿಸಿ, ಮತ್ತೆ ಮೆಲ್ಲಗೆ ಕಾಯಿಸಬೇಕು. ಒಣಹುಲ್ಲಿನ ಬಣ್ಣ (ಸುಮಾರು 230 ಡಿಗ್ರಿ) ಬಂದಾಗ ನಿಲ್ಲಿಸಿದರೆ ಉಳಿಗೆ ಹದ. ನೇರಳೆಯಿಂದ ನೀಲಿ (280ರಿಂದ 300 ಡಿಗ್ರಿ) ಬಂದಾಗ ಕತ್ತಿ, ಕೊಡಲಿಗೆ ಹದ.

ಕೊಳ್ಳುವಾಗ ಪರೀಕ್ಷೆ

1. ಅಲಗಿನ ಬಾಯಿಯ ಬಳಿ ಅರವನ್ನು ಉಜ್ಜಿ ನೋಡಿ. ಬೆಣ್ಣೆಯಂತೆ ಸವೆದರೆ ಮೆದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಡಸು. ಪ್ರಯಾಸದಿಂದ ಕಚ್ಚಿದರೆ ಕತ್ತಿಗೆ ಯೋಗ್ಯ.
2. ಸಾಣೆಚಕ್ರಕ್ಕೆ ಹಿಡಿದಾಗ ಕಿಡಿಗಳು ಕವಲೊಡೆದು ಹೂವಿನಂತೆ ಚದರಿದರೆ ಇಂಗಾಲ ಹೆಚ್ಚು. ಉದ್ದ ಗೆರೆಗಳಂತೆ ಹಾರಿ ವಿರಳವಾಗಿ ಕವಲೊಡೆದರೆ ಕಡಿಮೆ. ಈ ಪರೀಕ್ಷೆಗೆ ಕನ್ನಡಕ ಧರಿಸಬೇಕು.

ಬಳಕೆಯಲ್ಲಿ ಎಚ್ಚರ

ಒಳ್ಳೆಯ ಅಲಗು ಹಲವು ಬಾರಿ ಕೆಡುವುದು ವಿದ್ಯುತ್ ಸಾಣೆಯಲ್ಲಿ. ಒತ್ತಿ ಹಿಡಿದಾಗ ಉಳಿಯ ಬಾಯಿ ನೀಲಿಯಾದರೆ ಹದ ಹೋಯಿತೆಂದೇ ತಿಳಿಯಬೇಕು. ಮುಂದೆ ಎಷ್ಟು ಮಸೆದರೂ ಹರಿತ ನಿಲ್ಲದು. ಆಗಾಗ ನೀರಿನಲ್ಲಿ ಅದ್ದುತ್ತಾ ಹಗುರವಾಗಿ ಹಿಡಿಯಬೇಕು. ಕೊನೆಯ ಹರಿತಕ್ಕೆ ಒದ್ದೆ ಸಾಣೆಕಲ್ಲೇ ಉತ್ತಮ. ತೇಗದ ಮರದಲ್ಲಿ ಮರಳಿನಂಶವಿರುವುದರಿಂದ ಅದರ ಕೆಲಸದಲ್ಲಿ ಅಲಗನ್ನು ಹೆಚ್ಚು ಸಲ ಮಸೆಯಬೇಕಾಗುತ್ತದೆ. ಇದು ಉಕ್ಕಿನ ದೋಷವಲ್ಲ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಒರೆಸಿ ಎಣ್ಣೆ ಸವರಿಡಬೇಕು.

ರೈತರು ಕಮ್ಮಾರರಲ್ಲಿ ಕತ್ತಿ ಮಾಡಿಸುವಾಗ ಯಾವ ಉಕ್ಕು, ಯಾವ ಹದ ಎಂದು ಕೇಳಿ ತಿಳಿದುಕೊಳ್ಳುವುದು ಒಳಿತು. ತುಸು ಹೆಚ್ಚು ಕೊಟ್ಟರೂ ಬಾಳಿಕೆಯಲ್ಲಿ ಆ ಹಣ ಹಿಂದಿರುಗುವುದು. ಮರ ಹತ್ತುವವನಿಗೂ ಕ್ಷೇಮ.