ಉಳುಕಿದ ಕಾಲಿಗೆ ಮತ್ತೆ ಬೆಟ್ಟ ಯಾವಾಗ?

ಬೆಟ್ಟಕ್ಕೆ ಹೋಗಿ ಕಾಲು ಉಳುಕಿಸಿಕೊಂಡು ಬಂದ ಗೃಹಿಣಿಗೆ ಮನೆಯಲ್ಲಿ ಸಲಹೆಗಳಿಗೇನೂ ಬರವಿಲ್ಲ. ‘ಎಣ್ಣೆ ಹಾಕಿ ಚೆನ್ನಾಗಿ ತಿಕ್ಕು, ಎರಡು ದಿನದಲ್ಲಿ ಸರಿ ಹೋಗ್ತದೆ’ ಅನ್ನುತ್ತಾರೆ ಅತ್ತೆ. ‘ಈ ವಯಸ್ಸಲ್ಲಿ ನಿಂಗೆ ಗುಡ್ಡೆ ಹತ್ತುವ ಕೆಲಸ ಯಾಕೆ ಬೇಕಿತ್ತು? ಇನ್ನು ಸಾಕು’ ಎಂದು ಯಜಮಾನರ ತೀರ್ಪು. ಜೊತೆಗೆ ಬಂದಿದ್ದ ಗೆಳತಿಯದ್ದು ಬೇರೆಯೇ ರಾಗ: ‘ಎಂತದೂ ಆಗುದಿಲ್ಲ ಮಾರಾಯ್ತಿ, ಬರುವ ತಿಂಗಳು ಇನ್ನೊಂದು ಕಡೆ ಹೋಗುವ.’ ಮೂರೂ ಪ್ರೀತಿಯ ಮಾತುಗಳೇ. ಆದರೆ ಉಳುಕಿದ ಕಾಲಿನ ಮಟ್ಟಿಗೆ ಮೂರೂ ತಪ್ಪು!

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಬೆಟ್ಟ ಬಿಡುತ್ತೇನೆ ಅಂದರೂ ಬಿಡಲಾಗುವುದಿಲ್ಲ. ಮನೆಯಿಂದ ರಸ್ತೆಗೆ ಬರಲು ಏರು, ತೋಟಕ್ಕೆ ಹೋಗಲು ಇಳಿಜಾರು, ಮಳೆಗಾಲದಲ್ಲಿ ಅಂಗಳದ ತುಂಬ ಪಾಚಿ. ಮದುವೆಯಾಗಿ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಫ್ಲ್ಯಾಟಿನಲ್ಲಿ ನೆಲೆಸಿದವರೂ ರಜೆಗೆ ತವರಿಗೆ ಬಂದಾಗ ಇದೇ ನೆಲದಲ್ಲಿ ನಡೆಯಬೇಕು. ಆಸೆ ಇದ್ದವರಿಗಂತೂ ಕುಕ್ಕೆಯ ಬೆನ್ನಿಗೇ ಕುಮಾರಪರ್ವತ ನಿಂತು ಕರೆಯುತ್ತಿರುತ್ತದೆ. ಹಾಗಾಗಿ ‘ಇನ್ನು ಸಾಕು’ ಅನ್ನುವುದು ಪರಿಹಾರವಲ್ಲ. ಆದರೆ ಮತ್ತೆ ಹೊರಡುವ ದಿನವನ್ನು ನೋವು ಹೋಯಿತೋ ಇಲ್ಲವೋ ಅಂತ ನೋಡಿ ನಿರ್ಧರಿಸುವುದೂ ಸರಿಯಲ್ಲ. ನೋವು ಮೊದಲು ಹೋಗುತ್ತದೆ, ಕಾಲಿನ ಶಕ್ತಿ ಮತ್ತು ಸಮತೋಲನ ಬರುವುದು ಅದರ ಎಷ್ಟೋ ವಾರಗಳ ನಂತರ. ಈ ನಡುವಿನ ಅವಧಿಯಲ್ಲಿ ಬೆಟ್ಟಕ್ಕೆ ಹೋದವರ ಕಾಲೇ ಎರಡನೇ ಸಲ ಉಳುಕುವುದು.

<b>ಉಳುಕೋ, ಮುರಿತವೋ?</b>

ಮೊದಲು ತಿಳಿಯಬೇಕಾದದ್ದು ಇದು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಪರೀಕ್ಷೆ ರೂಪಿಸಿದರು. ಈಗ ಪ್ರಪಂಚದ ಎಲ್ಲ ಕಡೆ ಅದನ್ನೇ ಬಳಸುತ್ತಾರೆ. ಪೆಟ್ಟಾದ ಕೂಡಲೇ ಮತ್ತು ವೈದ್ಯರ ಬಳಿ ಹೋದಾಗ, ಕುಂಟುತ್ತಾದರೂ ಸರಿ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಪಾದದ ಗಂಟಿನ ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಯ ತುದಿಯನ್ನು ಅಥವಾ ಅದರ ಹಿಂಬದಿಯ ಅಂಚನ್ನು ಒತ್ತಿದರೆ ಜೀವ ಹೋಗುವಷ್ಟು ನೋವಾಗುತ್ತದೆಯೇ? ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬು ಮೂಳೆಯಲ್ಲಿ, ಇಲ್ಲವೇ ಒಳಬದಿಯಲ್ಲಿ ಪಾದದ ಕಮಾನಿನ ಮೇಲೆ ಒತ್ತಿದರೆ? ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಈ ಜಾಗಗಳಲ್ಲಿ ಎಲ್ಲಿ ಒತ್ತಿದರೂ ನೋವಿದ್ದರೆ ಎಕ್ಸ್‌ರೇ ಬೇಕೇ ಬೇಕು. ಪುತ್ತೂರಿನ ಸರ್ಕಾರಿ ಆಸ್ಪತ್ರೆಯೋ, ಸುಳ್ಯದ ಕೆವಿಜಿ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಮುಟ್ಟು ನಿಂತ ನಂತರ ಹೆಂಗಸರ ಮೂಳೆ ಸವೆಯುವುದು ಜಾಸ್ತಿ. ಐವತ್ತು ದಾಟಿದವರು ‘ಬರೀ ಉಳುಕು’ ಅಂತ ಮನೆಯಲ್ಲೇ ಕೂರಬಾರದು, ಒಮ್ಮೆ ತೋರಿಸಿಯೇ ಬಿಡಿ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಸ್ಪರ್ಶ ಜ್ಞಾನ ಕಡಿಮೆ ಇರಬಹುದು. ಅವರು ನೋವಿಲ್ಲ ಎಂಬುದನ್ನೇ ನಂಬಿ ಕೂರುವಂತಿಲ್ಲ.

<b>ತಿಕ್ಕುವುದು ಬೇಡ</b>

ಕಾಲು ಒಳಕ್ಕೆ ಮಡಚಿಕೊಂಡಾಗ ಹೊರಬದಿಯ ಲಿಗಮೆಂಟ್ ಎಳೆದು ಹರಿಯುತ್ತದೆ. ಮೂಳೆಯನ್ನು ಮೂಳೆಗೆ ಕಟ್ಟಿ ಹಿಡಿಯುವ ಹಗ್ಗ ಅದು. ಹಗ್ಗದ ನಾಲ್ಕೈದು ಎಳೆ ಕಿತ್ತಿರಬಹುದು, ಅರ್ಧ ಹರಿದಿರಬಹುದು, ಪೂರ್ತಿಯೂ ತುಂಡಾಗಿರಬಹುದು. ಅಂಥ ಜಾಗವನ್ನು ಮೊದಲ ಎರಡು ಮೂರು ದಿನ ಮುರಿವೆಣ್ಣೆಯೋ ಇನ್ನೊಂದೋ ಹಾಕಿ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಿ ಬಾವು ಇನ್ನೂ ಏರುತ್ತದೆ. ‘ಉಳುಕು ತೆಗೆಯುವವರ’ ಹತ್ತಿರ ಹೋಗಿ ಕಾಲು ಎಳೆಸಿಕೊಳ್ಳುವುದು ಅದಕ್ಕಿಂತ ಅಪಾಯ. ಒಳಗೆ ಮೂಳೆ ಸೀಳಿದ್ದರೆ ಗತಿಯೇನು? ಎಣ್ಣೆಯ ಮೇಲೆ ನಂಬಿಕೆ ಇದ್ದವರು ಬಾವು ಇಳಿದ ಮೇಲೆ ಹಗುರವಾಗಿ ಸವರಿಕೊಳ್ಳಲಿ, ಅದಕ್ಕೆ ಯಾರದೂ ತಕರಾರಿಲ್ಲ.

ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜು ಸುತ್ತಿ, ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಟ್ಟು ಮಲಗುವುದೇ ಮುಖ್ಯ ಔಷಧ. ನೋವಿಗೆ ಐಸ್ ತುಂಡುಗಳನ್ನು ಟವೆಲಿನಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬಹುದು. ವಿಶ್ರಾಂತಿ ಮತ್ತು ಐಸ್‌ನ ಈ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ್ದು ಅಮೆರಿಕದ ಡಾ. ಗೇಬ್ ಮಿರ್ಕಿನ್. ಹೆಚ್ಚು ಐಸ್, ಹೆಚ್ಚು ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ದಶಕಗಳ ನಂತರ ಅವರೇ ಹೇಳಿದರು! ಈಗಿನ ಪದ್ಧತಿ ಎಂದರೆ ಎರಡು ಮೂರು ದಿನ ಕಾಪಾಡು, ಆಮೇಲೆ ನೋವು ತಡೆಯುವಷ್ಟು ಮಾತ್ರ ಆಡಿಸು.

ಆದರೆ ನಮ್ಮ ಗೃಹಿಣಿಯರ ಕತೆ ಗೊತ್ತಲ್ಲ? ಎರಡು ದಿನ ಮಲಗುವುದೆಂದರೆ ಮನೆಯೇ ತಲೆಕೆಳಗಾದಂತೆ. ಮೂರನೇ ಹೊತ್ತಿಗೆ ಎದ್ದು ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಂತಿರುತ್ತಾರೆ. ಇದು ವಿಶ್ರಾಂತಿಯೂ ಅಲ್ಲ, ವ್ಯಾಯಾಮವೂ ಅಲ್ಲ. ಸುಮ್ಮನೆ ನಿಂತ ಕಾಲಿಗೆ ಬಾವು ಇಳಿಯುವ ಬದಲು ಏರುತ್ತದೆ. ಎರಡು ದಿನ ಊಟ ಹೋಟೆಲಿನಿಂದ ಬರಲಿ, ಪ್ರಪಂಚ ಮುಳುಗುವುದಿಲ್ಲ. ತರಕಾರಿ ಹೆಚ್ಚುವುದೇ ಅನಿವಾರ್ಯವಾದರೆ ಕುರ್ಚಿಯಲ್ಲಿ ಕೂತು, ಎದುರಿನ ಸ್ಟೂಲ್ ಮೇಲೆ ಕಾಲು ಚಾಚಿಕೊಂಡು ಹೆಚ್ಚಿ.

<b>ಕಾಲಿಗೆ ಮರೆತುಹೋದ ಪಾಠ</b>

ಲಿಗಮೆಂಟ್ ಬರೀ ಹಗ್ಗವಲ್ಲ, ಅದರೊಳಗೆ ನರದ ತುದಿಗಳಿವೆ. ಪಾದ ಎಷ್ಟು ಓರೆಯಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಕೆಲಸ ಅವುಗಳದ್ದೂ ಹೌದು. ಉಳುಕಿದ ಮೇಲೆ ಈ ಸುದ್ದಿ ತಡವಾಗಿ ಹೋಗುತ್ತದೆ. ಕಲ್ಲು ಜಾರಿದಾಗ ಪಾದವನ್ನು ಹೊರಕ್ಕೆ ಎಳೆದು ಉಳಿಸಬೇಕಾದ ಸ್ನಾಯು ಎಚ್ಚರವಾಗುವಷ್ಟರಲ್ಲಿ ಕಾಲು ಮಡಚಿ ಆಗಿರುತ್ತದೆ. ‘ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುತ್ತದೆ’ ಅನ್ನುವುದರ ಗುಟ್ಟು ಇದೇ. ಸಮತೋಲನದ ವ್ಯಾಯಾಮ ಮಾಡಿದವರಲ್ಲಿ ಮರು ಉಳುಕು ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಸಂತೋಷದ ವಿಷಯ ಏನೆಂದರೆ ಇದಕ್ಕೆ ಜಿಮ್ ಬೇಡ, ಅಡುಗೆಮನೆ ಸಾಕು.

ಬಾವು ಇಳಿಯತೊಡಗಿದಾಗ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ಅ, ಆ, ಇ, ಈ... ‘ಳ’ ತನಕ. ನಮ್ಮ ಕನ್ನಡದ ಅಕ್ಷರಗಳು ದುಂಡಗೆ ಇರುವುದು ಇಲ್ಲಿ ಲಾಭವೇ, ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಭಾರ ಹಾಕಿ ನಿಲ್ಲಲು ಆದ ಮೇಲೆ ಅಡುಗೆ ಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತಿ, ನಿಧಾನ ಇಳಿಸಿ. ಎತ್ತುವುದಕ್ಕಿಂತ ಇಳಿಸುವುದು ನಿಧಾನ ಇರಬೇಕು. ಹಾಲು ಕಾಯುವವರೆಗೆ ಮಾಡಿದರೆ ಇಪ್ಪತ್ತು ಸಲ ಆಗಿಯೇ ಹೋಗುತ್ತದೆ (ಹಾಲು ಉಕ್ಕದಂತೆ ನೋಡಿಕೊಳ್ಳಿ!). ಒಂದೆರಡು ವಾರ ಕಳೆದ ಮೇಲೆ ಒಂದೇ ಕಾಲಿನಲ್ಲಿ. ಹಲ್ಲುಜ್ಜುವಾಗ ಪೆಟ್ಟಾದ ಕಾಲಿನಲ್ಲೇ ನಿಲ್ಲಿ. ಅದು ಸುಲಭವಾದಾಗ ಕಣ್ಣು ಮುಚ್ಚಿ, ಗೋಡೆ ಕೈಗೆ ಎಟುಕುವಂತಿರಲಿ. ಅದೂ ಸುಲಭವಾದರೆ ದಪ್ಪಗೆ ಮಡಚಿದ ಕಂಬಳಿಯ ಮೇಲೆ ನಿಂತು, ಮಗುವಿನ ಕೈಯಲ್ಲಿ ಚೆಂಡು ಎಸೆಯಿಸಿಕೊಂಡು ಹಿಡಿಯಿರಿ. ಬೆಟ್ಟದ ಕಲ್ಲಿನ ಮೇಲೆ ಕಾಲು ಮಾಡಬೇಕಾದ್ದೂ ಇದನ್ನೇ ಅಲ್ಲವೇ? ಈಜು ಬರುವವರಿಗೆ ಈಜು ಬಹಳ ಒಳ್ಳೆಯದು. ಮೈಭಾರ ಬೀಳದೆ ಕೀಲು ಆಡುತ್ತದೆ. ಪುತ್ತೂರಿನವರಿಗೆ ಶಿವರಾಮ ಕಾರಂತರ ಬಾಲವನದಲ್ಲಿ ಈಜುಕೊಳವಿದೆ.

ಎಷ್ಟು ದಿನ ಬೇಕು? ಸಣ್ಣ ಉಳುಕಾದರೆ ಎರಡು ಮೂರು ವಾರದಲ್ಲಿ ದಿನದ ಓಡಾಟ ಸಲೀಸು. ಅರ್ಧ ಹರಿದಿದ್ದರೆ ಒಂದೂವರೆ ತಿಂಗಳಾದರೂ ಬೇಕು, ಪೂರ್ತಿ ಹರಿದಿದ್ದರೆ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಇದು ಓಡಾಟದ ಲೆಕ್ಕ, ಬೆಟ್ಟದ್ದಲ್ಲ. ಬೆಟ್ಟಕ್ಕೆ ಕ್ಯಾಲೆಂಡರ್ ನೋಡುವುದಕ್ಕಿಂತ ಕಾಲನ್ನೇ ಕೇಳುವುದು ಒಳ್ಳೆಯದು. ಪೆಟ್ಟಾದ ಕಾಲಿನಲ್ಲಿ ಅರ್ಧ ನಿಮಿಷ ಅಲುಗಾಡದೆ ನಿಲ್ಲಬೇಕು. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು ಇನ್ನೊಂದು ಕಾಲಿಗೆ ಎಷ್ಟು ಆಗುತ್ತದೋ ಹೆಚ್ಚುಕಡಿಮೆ ಇದಕ್ಕೂ ಅಷ್ಟೇ ಆಗಬೇಕು. ಗೋಡೆಗೆ ಮುಖ ಮಾಡಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸುವಾಗ ಎರಡೂ ಪಾದಗಳು ಗೋಡೆಯಿಂದ ಒಂದೇ ದೂರದಲ್ಲಿರಬೇಕು. ಕೈಪಿಡಿ ಹಿಡಿಯದೆ ಮೆಟ್ಟಿಲು ಇಳಿಯಬೇಕು. ಮುಕ್ಕಾಲು ಗಂಟೆ ಬಿರುಸಾಗಿ ನಡೆದು ಬಂದ ಮರುದಿನ ಬೆಳಿಗ್ಗೆ ಬಾವು ಇರಬಾರದು. ಕಾಲು ನಿಜ ಹೇಳುವುದು ಮರುದಿನ ಬೆಳಿಗ್ಗೆಯೇ. ಆ ದಿನ ಉತ್ಸಾಹದಲ್ಲಿ ಏನೂ ಗೊತ್ತಾಗುವುದಿಲ್ಲ.

<b>ಹತ್ತುವುದಲ್ಲ, ಇಳಿಯುವುದು ಕಷ್ಟ</b>

ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಕಾಲು ಉಳುಕುತ್ತದೆ. ಇದಕ್ಕೆ ಕಾರಣ ನಮ್ಮ ಕೀಲಿನ ರಚನೆಯಲ್ಲೇ ಇದೆ. ಪಾದದ ಗಂಟಿನೊಳಗೆ ಕೂರುವ ಮೂಳೆ ಮುಂದೆ ಅಗಲ, ಹಿಂದೆ ಸಪೂರ. ಹತ್ತುವಾಗ ಪಾದ ಮೇಲಕ್ಕೆ ಮಡಚಿ ಅಗಲದ ಭಾಗ ಕೀಲಿನೊಳಗೆ ಬಿಗಿಯಾಗಿ ಕೂರುತ್ತದೆ. ಇಳಿಯುವಾಗ ಕೆಳಗಿನ ಕಲ್ಲಿಗೆ ಪಾದ ಚಾಚುತ್ತೇವೆ, ಸಪೂರದ ಭಾಗ ಬಂದು ಕೀಲು ಸಡಿಲವಾಗುತ್ತದೆ. ಅದೇ ಹೊತ್ತಿಗೆ ಮೈಭಾರವೂ ಬೀಳುತ್ತದೆ, ಕಾಲೂ ಸೋತಿರುತ್ತದೆ. ಆದ್ದರಿಂದ ಬೆಟ್ಟ ಆರಿಸುವಾಗ ‘ಎಷ್ಟು ಎತ್ತರ ಹತ್ತಬಲ್ಲೆ’ ಅನ್ನುವುದಕ್ಕಿಂತ ‘ಎಷ್ಟು ದೂರ ಇಳಿಯಬಲ್ಲೆ’ ಅಂತ ಕೇಳಿಕೊಳ್ಳಿ.

ಮೊದಲ ನಡಿಗೆಗೆ ಪುತ್ತೂರು ಪೇಟೆಯ ಬೀರಮಲೆ ಗುಡ್ಡೆಗಿಂತ ಒಳ್ಳೆಯ ಜಾಗ ಇಲ್ಲ. ಮೇಲಿನ ತನಕ ರಸ್ತೆ ಇದೆ, ಸಾಕು ಅನ್ನಿಸಿದ ಕಡೆ ತಿರುಗಬಹುದು, ಆಟೋ ಕರೆದರೂ ಬರುತ್ತದೆ. ನಾಲ್ಕೈದು ಸಲ ಹೋಗಿ, ಮರುದಿನ ಬೆಳಿಗ್ಗೆ ಏನೂ ತೊಂದರೆ ಇಲ್ಲವೆಂದಾದರೆ ಕಲ್ಲು, ಬೇರು ಇರುವ ಸಣ್ಣ ಕಾಡುದಾರಿ. ಸುಳ್ಯದ ತೊಡಿಕಾನ ದೇವಸ್ಥಾನದಿಂದ ದೇವರಗುಂಡಿ ಜಲಪಾತದ ದಾರಿ ಹಾಗಿದೆ. ಮಳೆ ನಿಂತ ಮೇಲೆ ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ. ನೀರಿನ ಕಲ್ಲು ಗಟ್ಟಿ ಕಾಲಿನವರನ್ನೂ ಬಿಡುವುದಿಲ್ಲ.

ಅದಾದ ಮೇಲೆ ಕುಮಾರಪರ್ವತ. ಕುಕ್ಕೆ ಈಗ ಕಡಬ ತಾಲೂಕಿಗೆ ಸೇರಿದೆ, ಶಿಖರ ಇರುವುದು ಕೊಡಗಿನ ಗಡಿಯಲ್ಲಿ. ಎತ್ತರ 1712 ಮೀಟರ್. ಕುಕ್ಕೆ ಕಡೆಯಿಂದ ಹೋದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರು, ಒಂದು ಕಡೆಗೇ ಸುಮಾರು 13 ಕಿ.ಮೀ. ಅಷ್ಟನ್ನೂ ಇಳಿಯಬೇಕು ಅನ್ನುವುದು ನೆನಪಿರಲಿ! ಗಿರಿಗದ್ದೆಯ ಭಟ್ಟರ ಮನೆಯ ತನಕ ಕಾಡು, ಬೇರು, ಬಂಡೆ. ಅಲ್ಲಿಂದ ಮುಂದೆ ಬಿಸಿಲಿನ ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ, ಕೊನೆಗೆ ಬಂಡೆ ಹತ್ತುವುದು. ಗಾಯದ ನಂತರದ ಮೊದಲ ಸಲ ಗಿರಿಗದ್ದೆಗೇ ಮುಗಿಸಿ ವಾಪಸ್ ಬನ್ನಿ. ಹೋಗಿ ಬರುವಾಗ ಹನ್ನೆರಡು ಕಿ.ಮೀ. ಆಗುತ್ತದೆ, ಸಣ್ಣದೇನಲ್ಲ. ‘ಇಷ್ಟು ದೂರ ಬಂದು ಶಿಖರ ನೋಡದೆ ಹೋಗುವುದಾ?’ ಅಂತ ಗುಂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗಾಗಿ ಹೊರಡುವ ಮೊದಲೇ ಹೇಳಿಬಿಡಿ: ನಾನು ಗಿರಿಗದ್ದೆ ತನಕ ಮಾತ್ರ. ನಿಮ್ಮ ಜೊತೆ ಇಳಿಯಲು ಒಬ್ಬರಾದರೂ ಇರಲಿ.

2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ಜನಜಾತ್ರೆಯಾದ ಮೇಲೆ ಅರಣ್ಯ ಇಲಾಖೆ ಚಾರಣಿಗರ ಸಂಖ್ಯೆಗೆ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. ಮಳೆಗಾಲದಲ್ಲೂ ಕಾಳ್ಗಿಚ್ಚಿನ ಬೇಸಿಗೆಯಲ್ಲೂ ದಾರಿ ಮುಚ್ಚುವುದುಂಟು, ಮೊದಲೇ ವಿಚಾರಿಸಿ. ಜನ ಕಡಿಮೆ ಇರುವುದು ನಮ್ಮಂಥವರಿಗೆ ಅನುಕೂಲವೇ. ಹಿಂದಿನಿಂದ ತಳ್ಳುವವರಿಲ್ಲದಿದ್ದರೆ ಒಂದೊಂದೇ ಹೆಜ್ಜೆ ನೋಡಿ ಇಳಿಯಬಹುದು.

<b>ಚಪ್ಪಲಿಯಲ್ಲಿ ಬೇಡ</b>

ಹವಾಯಿ ಚಪ್ಪಲಿ, ಹಿಮ್ಮಡಿ ಎತ್ತರದ ಸ್ಯಾಂಡಲ್ ಎರಡೂ ಮನೆಯಲ್ಲಿರಲಿ. ಅಡಿಭಾಗ ಗೀರು ಗೀರಾಗಿರುವ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ ಶೂ ಬೇಕು. ಹೊಸದಾದರೆ ಎರಡು ವಾರ ಪೇಟೆಯಲ್ಲಿ ಹಾಕಿ ನಡೆದು ಪಳಗಿಸಿ. ಮೊದಲ ಕೆಲವು ತಿಂಗಳು ಬೆಟ್ಟಕ್ಕೆ ಹೋಗುವಾಗ ಲೇಸ್ ಅಥವಾ ವೆಲ್ಕ್ರೋ ಇರುವ ಆಂಕಲ್ ಸಪೋರ್ಟ್ ಕಟ್ಟಿಕೊಂಡರೆ ಮರು ಉಳುಕಿನ ಭಯ ಕಡಿಮೆ. ಅದನ್ನು ಕಟ್ಟಿದರೆ ಕಾಲು ದುರ್ಬಲವಾಗುತ್ತದೆ ಎಂಬ ಮಾತಿದೆ, ಅಡುಗೆ ಕಟ್ಟೆಯ ವ್ಯಾಯಾಮ ನಿಲ್ಲಿಸದಿದ್ದರೆ ಆ ಚಿಂತೆ ಬೇಡ. ಇಳಿಯುವಾಗ ಎರಡು ಕೋಲು ಇರಲಿ. ಕೋಲು ಹಿಡಿದರೆ ಮುದುಕಿಯ ಹಾಗೆ ಕಾಣುತ್ತದೆ ಅಂತ ನಾಚಿಕೊಳ್ಳುವವರಿದ್ದಾರೆ. ಕಾಡಿನಲ್ಲಿ ನಿಮ್ಮನ್ನು ನೋಡುವವರು ಉಂಬುಳಗಳು ಮಾತ್ರ ಮಾರಾಯ್ರೇ!

ಚೀಲದಲ್ಲಿ ಒಂದು ಕ್ರೇಪ್ ಬ್ಯಾಂಡೇಜು ಇರಲೇಬೇಕು. ದಾರಿಯಲ್ಲಿ ಮತ್ತೆ ಉಳುಕಿದರೆ ಕೂತು ನಾಲ್ಕು ಹೆಜ್ಜೆಯ ಪರೀಕ್ಷೆ ಮಾಡಿ. ನಡೆಯಲು ಆದರೆ ಲೇಸ್ ಬಿಗಿ ಮಾಡಿ, ಬಳಲಿಕೆ ಹೆಚ್ಚುವ ಮೊದಲೇ ಕೆಳಗಿಳಿಯಿರಿ. ಮುಂದಕ್ಕೆ ಹೋಗಬೇಡಿ. ನಡೆಯಲು ಆಗದಿದ್ದರೆ ಅಲ್ಲೇ ಕೂತು ಗಿರಿಗದ್ದೆಗೆ ಜನ ಕಳುಹಿಸಿ. ಕಾಡಿನೊಳಗೆ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಎಲ್ಲ ಚೆನ್ನಾಗಿ ನಡೆದು ಕುಕ್ಕೆಗೆ ಇಳಿದು ಬಂದಿರೋ, ಬಸ್ಸಿನಲ್ಲಿ ಎದುರಿನ ಚೀಲದ ಮೇಲಾದರೂ ಕಾಲು ಎತ್ತಿಟ್ಟುಕೊಳ್ಳಿ. ಮನೆಗೆ ಬಂದು ಸ್ನಾನ ಮಾಡಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ, ರಾತ್ರಿಯ ಅಡುಗೆಯನ್ನು ಆ ದಿನ ಮನೆಯವರು ನೋಡಿಕೊಳ್ಳಲಿ. ಬೆಳಿಗ್ಗೆ ಎದ್ದು ಎರಡೂ ಪಾದ ಜೋಡಿಸಿ ನೋಡಿ. ಎರಡೂ ಒಂದೇ ಥರ ಇದ್ದರೆ ಎರಡು ವಾರ ಬಿಟ್ಟು ಶೇಷಪರ್ವತದ ಯೋಚನೆ ಮಾಡಬಹುದು. ಒಂದು ಉಬ್ಬಿದ್ದರೆ ಇನ್ನೊಂದು ತಿಂಗಳು ಬೀರಮಲೆ.